ಗುಳೆ ತಡೆಯುವುದು ಬೇಡ, ಹೋಗುವವರ ಕಾಗದಪತ್ರ ಸರಿ ಮಾಡಿ ಕಳಿಸಿ

ಮಾನ್ಯ ಸಂಪಾದಕರೇ,

ಹಿಂಗಾರಿ ಕಡಲೆ, ಬಿಳಿಜೋಳದ ರಾಶಿ ಮುಗಿಯುತ್ತಿದ್ದಂತೆ ಪತ್ರಿಕೆಗಳಲ್ಲಿ ಪ್ರತಿವರ್ಷ ಒಂದೇ ಸುದ್ದಿ. ಮುಂಡರಗಿ, ಶಿರಹಟ್ಟಿ, ಗಜೇಂದ್ರಗಡ ಭಾಗದ ತಾಂಡಾಗಳಲ್ಲಿ ಬೀಗ ಜಡಿದ ಮನೆಗಳು, ಕಟ್ಟೆಯ ಮೇಲೆ ಕುಳಿತ ವಯಸ್ಸಾದವರು, ಕೊನೆಗೆ ‘ಗುಳೆ ತಡೆಯುವಲ್ಲಿ ಆಡಳಿತ ವಿಫಲ’ ಎಂಬ ಸಾಲು. ನಮ್ಮ ತಕರಾರು ಇರುವುದು ಆ ಕೊನೆಯ ಸಾಲಿನ ಬಗ್ಗೆ. ಉದ್ಯೋಗ ಖಾತ್ರಿಯಲ್ಲಿ 2025-26ರಲ್ಲಿ ದಿನದ ಕೂಲಿ 370 ರೂ. ಇತ್ತು, ಅದೂ ಖಾತೆಗೆ ಬೀಳುವ ದಿನ ಯಾರ ಕೈಯಲ್ಲೂ ಇರಲಿಲ್ಲ. ಕೈ ಕುದುರಿದ ಗೌಂಡಿ ಗೋವಾದಲ್ಲಿ ಅದರ ಎರಡರಷ್ಟು ದುಡಿಯುತ್ತಾನೆ. ಹಾಗಿರುವಾಗ ಗದಗ, ಹಾವೇರಿಯ ಕೂಲಿಕಾರ ವಾಸ್ಕೋ ರೈಲು ಹತ್ತುವುದನ್ನು ಯಾರೂ ತಡೆಯಲಾರರು. ತಡೆಯಲೂ ಬಾರದು. ಅವನು ಲೆಕ್ಕ ಹಾಕಿಯೇ ಹೊರಟಿರುತ್ತಾನೆ.

ಆ ಲೆಕ್ಕದಲ್ಲಿ ಬಿಟ್ಟುಹೋಗುವುದು ಕಾಗದಪತ್ರ. ರಾಜ್ಯದ ಗಡಿ ದಾಟಿದ ಮೇಲೆ ರೇಷನ್, ಗೃಹಲಕ್ಷ್ಮಿ, ಪಿಎಫ್, ಅಪಘಾತದ ಪರಿಹಾರ, ಮಕ್ಕಳ ಮೀಸಲಾತಿ ಇವೆಲ್ಲ ಒಂದೊಂದು ಸಣ್ಣ ಕಾರಣಕ್ಕೆ ಕೈತಪ್ಪುತ್ತವೆ. ಇಂಥ ಅರ್ಜಿಗಳನ್ನೇ ಬರೆದುಕೊಡುವ ನಾವು ಕೆಲವರು ಸೇರಿ, ಏನು ತಪ್ಪುತ್ತದೆ, ಯಾಕೆ ತಪ್ಪುತ್ತದೆ, ಹೊರಡುವ ಮುಂಚೆ ಏನು ಮಾಡಿದರೆ ತಪ್ಪುವುದಿಲ್ಲ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಮೊಬೈಲ್ ನಂಬರ್. ಇದು ಸಣ್ಣ ಸಂಗತಿಯಂತೆ ಕಾಣುತ್ತದೆ, ಆದರೆ ಮುಂದಿನ ಎಲ್ಲ ತೊಡಕಿನ ಬುಡ ಇದೇ. ಆಧಾರ್‌ಗೆ ಯಾವ ನಂಬರ್ ಜೋಡಿಸಿದೆಯೋ ಒಟಿಪಿ ಬರುವುದು ಅದಕ್ಕೆ. ನಮ್ಮ ಕಡೆ ಎಷ್ಟೋ ಜನರ ಆಧಾರ್‌ನಲ್ಲಿರುವುದು ಅಂದು ಅರ್ಜಿ ತುಂಬಿದ ಅಂಗಡಿಯವನ ನಂಬರ್, ಇಲ್ಲವೇ ಅಳಿಯನ ನಂಬರ್. ಸ್ವಂತ ನಂಬರ್ ಇದ್ದರೂ ಗೋವಾಕ್ಕೆ ಹೋದ ಮೇಲೆ ಅಲ್ಲಿ ಅಗ್ಗದ ಆಫರ್ ಸಿಕ್ಕಿತೆಂದು ಹೊಸ ಸಿಮ್ ಹಾಕಿ ಹಳೆಯದನ್ನು ಡಬ್ಬಿಯಲ್ಲಿ ಇಡುತ್ತಾರೆ. 90 ದಿನ ಬಳಸದ ಸಿಮ್ಮನ್ನು ಕಂಪನಿ ಬಂದ್ ಮಾಡಬಹುದು. ಆಮೇಲೆ ಆ ನಂಬರ್ ಬೇರೆ ಯಾರಿಗೋ ಹೋಗುತ್ತದೆ, ಇವರ ಒಟಿಪಿಯೂ ಅವರಿಗೇ ಹೋಗುತ್ತದೆ. ಪ್ರಿಪೇಯ್ಡ್ ಸಿಮ್‌ನಲ್ಲಿ 20 ರೂಪಾಯಿ ಬಾಕಿ ಉಳಿಸಿಟ್ಟರೆ ನಂಬರ್ ಉಳಿಸಿಕೊಳ್ಳಲು ಅವಕಾಶ ಇದೆ. ಹೊರಡುವ ಮುಂಚೆ ಗಂಡ, ಹೆಂಡತಿ ಇಬ್ಬರದೂ ಸ್ವಂತ ನಂಬರ್ ಆಧಾರ್‌ಗೆ ಜೋಡಿಸಿಕೊಳ್ಳಬೇಕು. ಆಧಾರ್ ಕೇಂದ್ರದಲ್ಲಿ ಶುಲ್ಕ 75 ರೂ. ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಯಂತ್ರ ಇರುವ ಪೋಸ್ಟ್‌ಮನ್ ಕೂಡ ಮನೆಬಾಗಿಲಲ್ಲೇ ಈ ಕೆಲಸ ಮಾಡಿಕೊಡುತ್ತಾನೆ. ಇದು ಬಹಳ ಜನರಿಗೆ ಗೊತ್ತೇ ಇಲ್ಲ.

ಆಧಾರ್‌ನ ವಿಳಾಸವನ್ನು ಮಾತ್ರ ಗಡಿಬಿಡಿಯಲ್ಲಿ ಗೋವಾಕ್ಕೆ ಬದಲಿಸಬಾರದು. ‘ಲೋಕಲ್ ಆಧಾರ್ ಇದ್ದರೆ ರೂಮ್ ಸಿಗುತ್ತದೆ’ ಎಂದು ಹೇಳುವವರು ಇರುತ್ತಾರೆ. ಆರು ತಿಂಗಳಿಗೆ ಹೋಗಿ ಬರುವವರು ಹಾಗೆ ಬದಲಿಸಿಕೊಂಡರೆ ಊರಿನ ಸೌಲಭ್ಯಕ್ಕೆ ಅರ್ಜಿ ಹಾಕುವಾಗಲೆಲ್ಲ ವಿಳಾಸದ ತಕರಾರು ಏಳುತ್ತದೆ. ಬಾಡಿಗೆ ಕೋಣೆಗೆ ಬೇಕಾಗುವುದು ಪೊಲೀಸ್ ಠಾಣೆಗೆ ಕೊಡುವ ಬಾಡಿಗೆದಾರರ ವಿವರದ ಫಾರ್ಮು. ಅದನ್ನು ಕೊಡಬೇಕಾದವನು ಮನೆಮಾಲೀಕ, ಅದಕ್ಕೆ ಊರಿನ ಆಧಾರ್ ಸಾಕು.

ಎರಡನೆಯದು ಹೆಸರು. ಮತದಾರರ ಚೀಟಿಯಲ್ಲಿ ಯಲ್ಲವ್ವ, ಆಧಾರ್‌ನಲ್ಲಿ ಯಲ್ಲಮ್ಮ, ಬ್ಯಾಂಕಿನಲ್ಲಿ ಯಲ್ಲಮ್ಮ ಜೊತೆ ತವರಿನ ಅಡ್ಡಹೆಸರು. ಹನಮಂತಪ್ಪ, ಹನುಮಂತಪ್ಪ, ಹಣಮಂತ ಮೂವರೂ ಒಬ್ಬನೇ ಎಂದು ಊರಿಗೆ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ. ಗೋವಾ, ಮಹಾರಾಷ್ಟ್ರದಲ್ಲಿ ಗುತ್ತಿಗೆದಾರನ ಗುಮಾಸ್ತ ತನ್ನ ರೂಢಿಯಂತೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಬರೆದುಕೊಳ್ಳುತ್ತಾನೆ. ಬಾಯಲ್ಲಿ ‘ಮಂಜು’ ಎಂದರೆ ಹಾಜರಿಯಲ್ಲೂ ಮಂಜು, ಪಿಎಫ್‌ನಲ್ಲೂ ಮಂಜು. ಆಧಾರ್‌ನಲ್ಲಿ ಮಂಜುನಾಥ ಇದ್ದರೆ ಮೂರು ವರ್ಷದ ಹಣ ಎತ್ತಲು ಹೋದಾಗ ಅರ್ಜಿ ತಿರಸ್ಕಾರ. ಆದ್ದರಿಂದ ಹೆಸರನ್ನು ಬಾಯಿಂದ ಹೇಳಬಾರದು, ಆಧಾರ್‌ನ ಝೆರಾಕ್ಸ್ ಕೊಟ್ಟು ‘ಇದನ್ನು ನೋಡಿ ಬರೆದುಕೊಳ್ಳಿ’ ಅನ್ನಬೇಕು.

ಈಗ ರೇಷನ್. ‘ಒಂದು ದೇಶ ಒಂದು ಪಡಿತರ ಚೀಟಿ’ಯಡಿ ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ 2020ರ ಜನವರಿ 1ರಿಂದಲೇ ಸೇರಿವೆ. ಆದರೂ ವಾಸ್ಕೋ ಹತ್ತಿರದ ಝುವಾರಿನಗರದಲ್ಲಿ ಅಂಗಡಿಯಿಂದ ಅಕ್ಕಿ ಕೊಂಡು ತಿನ್ನುವ ನಮ್ಮ ಕುಟುಂಬಗಳು ಇವೆ, ಏಕೆಂದರೆ ಕಾರ್ಡನ್ನು ಊರಲ್ಲಿ ಬಿಟ್ಟು ಬಂದಿರುತ್ತಾರೆ. ಕಾರ್ಡೇ ಬೇಕೆಂದಿಲ್ಲ. ಕಾರ್ಡ್ ನಂಬರ್ ಅಥವಾ ಆಧಾರ್ ನಂಬರ್ ಹೇಳಿ ಬೆರಳು ಒತ್ತಿದರೆ ಸಾಕು. ಮನೆಮಂದಿಯ ಪೈಕಿ ಯಾರದು ಕಾರ್ಡಿಗೆ ಆಧಾರ್ ಜೋಡಣೆ ಆಗಿದೆಯೋ ಅವರೇ ಒತ್ತಬೇಕು.

ಇಲ್ಲಿ ಮೂರು ಸಂಗತಿ ತಿಳಿದಿರಬೇಕು. ಹೊರರಾಜ್ಯದಲ್ಲಿ ಸಿಗುವುದು ಕೇಂದ್ರದ ಆಹಾರ ಭದ್ರತೆ ಕಾಯ್ದೆಯ ಪಾಲು ಮಾತ್ರ. ಅಂದರೆ ಆದ್ಯತಾ (ಬಿಪಿಎಲ್) ಕಾರ್ಡಿಗೆ ತಲೆಗೆ 5 ಕಿಲೊ, ಅಂತ್ಯೋದಯಕ್ಕೆ ಕುಟುಂಬಕ್ಕೆ 35 ಕಿಲೊ, ಉಚಿತವಾಗಿ. ನಮ್ಮ ರಾಜ್ಯ ಮೇಲೆ ಸೇರಿಸಿ ಕೊಡುವುದು ಅಲ್ಲಿ ಬರುವುದಿಲ್ಲ. ಅದಕ್ಕೆ ಅಲ್ಲಿನ ಅಂಗಡಿಯವನ ಜೊತೆ ಜಗಳ ತೆಗೆಯುವುದು ವ್ಯರ್ಥ. ಎರಡನೆಯದಾಗಿ, ಪಾಲನ್ನು ಒಡೆದು ಎತ್ತಬಹುದು. ಐವರ ಕಾರ್ಡಿನ 25 ಕಿಲೊದಲ್ಲಿ ಗೋವಾದಲ್ಲಿರುವ ಮೂವರು 15 ಕಿಲೊ ಎತ್ತಿದರೆ, ಉಳಿದ 10 ಕಿಲೊವನ್ನು ಅದೇ ತಿಂಗಳು ಊರಲ್ಲಿರುವ ಅಜ್ಜ, ಅಜ್ಜಿ ಎತ್ತಬಹುದು. ಆದರೆ ಗೋವಾದಲ್ಲಿ ಬೆರಳು ಒತ್ತುವಾಗ ‘ಎಷ್ಟು ಕಿಲೊ’ ಎಂದು ಯಂತ್ರ ಕೇಳುವ ಜಾಗದಲ್ಲಿ 15 ಎಂದೇ ಹಾಕಿಸಬೇಕು. ಅಂಗಡಿಯವನು ಪೂರ್ತಿ 25 ಒತ್ತಿಬಿಟ್ಟರೆ ಊರಲ್ಲಿ ಮುದುಕರು ಬರಿಗೈಯಲ್ಲಿ ವಾಪಸು ಹೋಗುತ್ತಾರೆ. ರಸೀದಿ ಕೇಳಿ ಪಡೆದು ತೂಕ ನೋಡಿಕೊಳ್ಳಬೇಕು.

ಮೂರನೆಯದು ಹೊಸ ತೊಂದರೆ. ಸತತ ಆರು ತಿಂಗಳು ಧಾನ್ಯ ಎತ್ತದ ಕಾರ್ಡನ್ನು ನಿಷ್ಕ್ರಿಯ ಮಾಡಿ ಪರಿಶೀಲನೆಗೆ ಹಾಕಬೇಕೆಂದು ಕೇಂದ್ರ 2025ರ ಜುಲೈನಲ್ಲಿ ಪಡಿತರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದಿದೆ. ಗುಳೆ ಹೋದ ಮನೆಯನ್ನು ಸುಳ್ಳು ಕಾರ್ಡಿನ ಜೊತೆ ಒಂದೇ ಜರಡಿಗೆ ಹಾಕಿದಂತಾಯಿತು. ಪರಿಶೀಲನೆಗೆ ಬಂದವನಿಗೆ ಕಾಣುವುದು ಬೀಗ, ಅವನು ಬರೆಯುವುದು ‘ವಾಸವಿಲ್ಲ’. ಹೋದ ಕಡೆ ತಿಂಗಳಿಗೊಮ್ಮೆಯಾದರೂ ಎತ್ತುವುದೇ ಇದಕ್ಕೆ ಇರುವ ಉಪಾಯ. ಅಲ್ಲಿ ಎತ್ತಿದರೂ ಇಲ್ಲಿನ ಲೆಕ್ಕಕ್ಕೆ ಬರುತ್ತದೆ. ಅಂಗಡಿಯವನು ‘ಹೊರಗಿನವರಿಗೆ ಸ್ಟಾಕ್ ಇಲ್ಲ’ ಎಂದರೆ 14445ಕ್ಕೆ ಕರೆ ಮಾಡಬೇಕು.

ಇನ್ನು ಬೆರಳು. ಸಿಮೆಂಟು, ಸುಣ್ಣದಲ್ಲಿ ಕೆಲಸ ಮಾಡಿದವರ ಬೆರಳಿನ ಗೆರೆ ಸವೆದಿರುತ್ತದೆ. ಹೆಬ್ಬೆರಳು ಹಿಡಿಯದಿದ್ದರೆ ಉಂಗುರದ ಬೆರಳು, ಕಿರುಬೆರಳು ಒತ್ತಿ ನೋಡಬೇಕು. ಹತ್ತೂ ಹಿಡಿಯದಿದ್ದರೆ ಕಣ್ಣಿನ ಯಂತ್ರ, ಅದೂ ಇಲ್ಲದಿದ್ದರೆ ಒಟಿಪಿ. ಆಗಲೇ ಮೊಬೈಲ್ ನಂಬರಿನ ಬೆಲೆ ಗೊತ್ತಾಗುವುದು. ವರ್ಷಗಟ್ಟಲೆ ಗಾರೆ ಕೆಲಸದಲ್ಲಿರುವವರು 125 ರೂ. ಕೊಟ್ಟು ಬೆರಳಚ್ಚನ್ನು ಹೊಸದಾಗಿ ಕೊಟ್ಟುಬಿಡುವುದು ಒಳ್ಳೆಯದು. ಕೆಲಸ ಬಿಟ್ಟು ಹದಿನೈದು ದಿನ ಊರಲ್ಲಿದ್ದು, ಕೈ ಮೆತ್ತಗಾದ ಮೇಲೆ ಕೊಟ್ಟರೆ ಗೆರೆ ಚೆನ್ನಾಗಿ ಮೂಡುತ್ತದೆ.

ಗೃಹಲಕ್ಷ್ಮಿಯ 2,000 ರೂ. ನಿಂತುಹೋಯಿತು ಎಂದು ಗೋವಾದಿಂದ ಫೋನ್ ಮಾಡುವ ಹೆಣ್ಣುಮಕ್ಕಳ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಹೊಸ ಬ್ಯಾಂಕ್ ಖಾತೆ. ಸರಕಾರದ ಹಣ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಅಲ್ಲಿ ಕಾರ್ಖಾನೆಯವರೋ ಹೋಟೆಲಿನವರೋ ಪಗಾರಕ್ಕೆಂದು ಖಾತೆ ತೆಗೆಸುವಾಗ ಒಂದು ಸಹಿಯಲ್ಲಿ ಜೋಡಣೆ ಬದಲಾಗಿಬಿಡುತ್ತದೆ. ಇವರು ಊರಿನ ಬ್ಯಾಂಕ್ ಪಾಸ್‌ಬುಕ್ ನೋಡುತ್ತಾರೆ, ಹಣ ಹೊಸ ಖಾತೆಯಲ್ಲಿ ಕೂತಿರುತ್ತದೆ. ಹೊಸ ಖಾತೆಯನ್ನು ಕೆಲಸ ಬಿಟ್ಟಾಗ ಮುಚ್ಚಿಸಿದ್ದರೆ ಹಣ ತಿರುಗಿ ಹೋಗಿರುತ್ತದೆ. ಯಾವ ಬ್ಯಾಂಕಿಗೆ ಜೋಡಣೆ ಇದೆ ಎಂಬುದನ್ನು ಆಧಾರ್ ವೆಬ್‌ಸೈಟಿನಲ್ಲಿ ಒಂದು ನಿಮಿಷದಲ್ಲಿ ನೋಡಬಹುದು. ಹೊಸ ಖಾತೆ ತೆಗೆಯುವಾಗ ‘ಸರಕಾರದ ಹಣಕ್ಕೆ ಈ ಖಾತೆ ಜೋಡಿಸುವುದು ಬೇಡ’ ಎಂದು ಹೇಳುವ ಹಕ್ಕು ಖಾತೆದಾರರಿಗೆ ಇದೆ. ಮತ್ತೊಂದು ಮಾತು: ರೇಷನ್ ಕಾರ್ಡ್ ರದ್ದಾದರೆ ಗೃಹಲಕ್ಷ್ಮಿಯೂ ಅದರ ಬೆನ್ನಿಗೇ ನಿಲ್ಲುತ್ತದೆ. ಎರಡಕ್ಕೂ ಕೊಂಡಿ ಅದೇ ಕಾರ್ಡ್.

ಗುತ್ತಿಗೆದಾರನ ಲೆಕ್ಕಕ್ಕೆ ಬರೋಣ. ನಮ್ಮವರು ಹೋಗುವುದು ಬಹುಪಾಲು ಊರಿನವನೇ ಆದ ಮೇಸ್ತ್ರಿಯ ಜೊತೆ, ಅವನ ಮೇಲೊಬ್ಬ ಗುತ್ತಿಗೆದಾರ, ಅವನ ಮೇಲೆ ಬಿಲ್ಡರ್. ವಾರಕ್ಕೊಮ್ಮೆ ಖರ್ಚಿ (ಕೈಖರ್ಚಿನ ಹಣ) ಕೊಡುತ್ತಾರೆ, ಪೂರ್ತಿ ಲೆಕ್ಕ ಊರಿಗೆ ಹೊರಡುವ ದಿನ. ದಿನಕ್ಕೆ 800 ರೂ. ಎಂದು ಹಿಡಿಯಿರಿ. ತಿಂಗಳಿಗೆ 26 ಹಾಜರಿಗೆ 20,800. ವಾರಕ್ಕೆ 1,500ರಂತೆ ನಾಲ್ಕು ಖರ್ಚಿ 6,000. ಉಳಿದ 14,800 ಗುತ್ತಿಗೆದಾರನ ಕೈಯಲ್ಲಿ. ಮೂರು ತಿಂಗಳಿಗೆ ಅದು 44,400 ಆಗುತ್ತದೆ. ಇಷ್ಟು ದೊಡ್ಡ ಮೊತ್ತ ಮೇಲಿನವನ ಕೈಯಲ್ಲಿ ಸೇರಿದ ಮೇಲೆ ಜಗಳ ಆಡುವ ಧೈರ್ಯ ಕೆಳಗಿನವನಿಗೆ ಇರುವುದಿಲ್ಲ, ಬಿಟ್ಟು ಬರುವ ಧೈರ್ಯವೂ ಇರುವುದಿಲ್ಲ. ಬಾಕಿಯನ್ನು ಒಂದು ತಿಂಗಳಿಗಿಂತ ಮೇಲೆ ಬೆಳೆಯಲು ಬಿಡಬಾರದು. ಕಾನೂನಿನ ಪ್ರಕಾರವೂ ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಎರಡು ಕೆಲಸದ ದಿನಗಳಲ್ಲಿ ಪೂರ್ತಿ ಚುಕ್ತಾ ಆಗಬೇಕು.

ಹಾಜರಿ ಬರೆಯುವ ಡೈರಿ ಮೇಸ್ತ್ರಿಯ ಕಿಸೆಯಲ್ಲಿರುತ್ತದೆ. ಪೂರ್ತಿ ದಿನಕ್ಕೆ ಒಂದು ಗೀಟು, ಅರ್ಧ ದಿನಕ್ಕೆ ಅಡ್ಡಗೀಟು, ಓಟಿ (ಹೆಚ್ಚಿನ ಹೊತ್ತಿನ ಕೆಲಸ) ಬೇರೆ ಪುಟದಲ್ಲಿ. ಶನಿವಾರ ಖರ್ಚಿ ಕೊಡುವಾಗ ಆ ಪುಟದ ಫೋಟೊ ತೆಗೆದುಕೊಳ್ಳಿ. ಫೋಟೊ ಕೇಳಲು ಸಂಕೋಚವಾದರೆ ವಾಟ್ಸ್ಆ್ಯಪ್‌ನಲ್ಲಿ ಅವನಿಗೇ ಒಂದು ಧ್ವನಿ ಸಂದೇಶ ಕಳಿಸಿ: ‘ಅಣ್ಣಾ, ಇವತ್ತಿಗಿ ಈ ತಿಂಗಳು 24 ಹಾಜರಿ ಆಗ್ಯಾವ, ಖರ್ಚಿ ಆರು ಸಾವಿರ ಮುಟ್ಟೇತಿ, ಬರೋಬ್ಬರಿ ಐತಲ್ಲ?’ ಅವನು ‘ಹೂಂ’ ಅಂದರೂ ಅದು ಮುಂದೆ ಪುರಾವೆ. ಖರ್ಚಿಯನ್ನು ನಗದಿನ ಬದಲು ಫೋನ್‌ನಲ್ಲೇ ಹಾಕಿಸಿಕೊಂಡರೆ ಇಷ್ಟು ದಿನ ಇವನ ಹತ್ತಿರ ಕೆಲಸ ಮಾಡಿದ್ದೇನೆ ಎಂಬುದಕ್ಕೆ ಬ್ಯಾಂಕೇ ಸಾಕ್ಷಿ. ಊರಲ್ಲಿ ಇಸಿದುಕೊಂಡ ಮುಂಗಡವನ್ನೂ ಇದೇ ಲೆಕ್ಕದಲ್ಲಿ ಬರೆಸಬೇಕು. ಇಲ್ಲದಿದ್ದರೆ 10,000 ಮುಂಗಡ ಹೊರಡುವ ದಿನಕ್ಕೆ 18,000 ಆಗಿರುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದ ಫೋಟೊ ಒಂದಿದೆ: ಸೈಟಿನ ಗೇಟಿನ ಮೇಲಿರುವ ಬೋರ್ಡ್. ಅದರಲ್ಲಿ ಯೋಜನೆಯ ಹೆಸರು, ಬಿಲ್ಡರ್ ಹೆಸರು, ರೇರಾ (ಕಟ್ಟಡ ಯೋಜನೆಯ ಸರಕಾರಿ ನೋಂದಣಿ) ನಂಬರ್ ಇರುತ್ತವೆ. ಗುತ್ತಿಗೆದಾರ ಕೂಲಿ ಕೊಡದೆ ಓಡಿಹೋದರೆ ಕೊಡುವ ಹೊಣೆ ಕೆಲಸದ ಮಾಲೀಕ ಸಂಸ್ಥೆಯದು. ಆದರೆ ಆ ಸಂಸ್ಥೆ ಯಾವುದು ಎಂದು ಕೇಳಿದರೆ ‘ಮಡಗಾಂವ್ ಸ್ಟೇಷನ್ ಹಿಂದಿನ ದೊಡ್ಡ ಬಿಲ್ಡಿಂಗ್’ ಎಂಬ ಉತ್ತರ ಬಂದರೆ ಕಾರ್ಮಿಕ ಅಧಿಕಾರಿ ಯಾರಿಗೆ ನೋಟಿಸ್ ಕಳಿಸಬೇಕು? ಕೂಲಿ ಬಾಕಿಯ ದೂರಿಗೆ ಹೊಸ ವೇತನ ಸಂಹಿತೆಯಲ್ಲಿ ಮೂರು ವರ್ಷದ ಗಡುವಿದೆ. ವಿಳಾಸ ಇಲ್ಲದ ದೂರಿಗೆ ಮೂರು ವರ್ಷ ಇದ್ದರೂ ಅಷ್ಟೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಅವುಗಳಲ್ಲಿ ಒಂದರೊಳಗೆ ಸೇರಿಹೋಗಿದೆ. ಹಳೆಯ ಕಾಯ್ದೆಯಲ್ಲಿ ಗುತ್ತಿಗೆದಾರ ಕರೆದೊಯ್ದರೆ ಮಾತ್ರ ವಲಸೆ ಕಾರ್ಮಿಕ. ಈಗ ತಾನಾಗಿಯೇ ಹೋಗಿ ಸೇರಿದವನೂ ಆ ಲೆಕ್ಕಕ್ಕೆ ಬರುತ್ತಾನೆ, ತಿಂಗಳ ಪಗಾರ 18,000 ರೂ. ಮೀರಬಾರದು ಅಷ್ಟೆ. ಅಂಥ ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಮಾಲೀಕ ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವ ಖರ್ಚು ಕೊಡಬೇಕು. ನೇಮಕದ ಪತ್ರವನ್ನಂತೂ ಎಲ್ಲರಿಗೂ ಕೊಡಬೇಕು. ಕಟ್ಟಡದ ಕೆಲಸದಲ್ಲಿ ಇದು ಕಾಗದದಲ್ಲೇ ಉಳಿಯುವ ಸಂಭವ ಹೆಚ್ಚು ಎಂದು ನಮಗೂ ಅನ್ನಿಸುತ್ತದೆ. ಕಾರ್ಖಾನೆಗಳಲ್ಲಿ ಕೇಳಿದರೆ ಸಿಗಬಹುದು.

ಪಿಎಫ್ ವಿಷಯದಲ್ಲಿ ಒಂದು ಗೊಂದಲ ಪದೇ ಪದೇ ಬರುತ್ತದೆ. ಪಿಎಫ್‌ನ ಯುಎಎನ್ (ಸದಸ್ಯನ ಕಾಯಂ ಖಾತೆ ನಂಬರ್) 12 ಅಂಕಿ. ಅಸಂಘಟಿತ ಕಾರ್ಮಿಕರ ನೋಂದಣಿಗಿರುವ ಇ-ಶ್ರಮ್ ಕಾರ್ಡಿನ ನಂಬರೂ 12 ಅಂಕಿ, ಅದರ ಹೆಸರೂ ಯುಎಎನ್. ಆಧಾರ್ ಕೂಡ 12. ‘ನನ್ನ ಯುಎಎನ್ ಐತ್ರಿ’ ಎಂದು ಇ-ಶ್ರಮ್ ಕಾರ್ಡ್ ತಂದು ಪಿಎಫ್ ಕೇಳುವವರು ಬಹಳ. ಇ-ಶ್ರಮ್ ಇರುವುದು ಪಿಎಫ್, ಇಎಸ್‌ಐ (ಕಾರ್ಮಿಕರ ಸರಕಾರಿ ವಿಮೆ) ಇಲ್ಲದವರಿಗೆ. 20 ಅಥವಾ ಹೆಚ್ಚು ಜನರಿರುವ ಕಡೆ ಪಿಎಫ್ ಬರುತ್ತದೆ. ಮೂಲವೇತನ, ತುಟ್ಟಿಭತ್ಯೆಯ ಮೇಲೆ ಕಾರ್ಮಿಕನಿಂದ ಶೇ. 12, ಮಾಲೀಕನಿಂದ ಶೇ. 12. ಮಾಲೀಕನ ಆ 12ರಲ್ಲಿ 8.33 ಪಿಂಚಣಿಗೆ ಹೋಗುತ್ತದೆ. ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ಯುಎಎನ್ ಮಾಡಿಸಿಕೊಂಡರೆ ಸೇವೆ ತುಂಡಾಗುತ್ತದೆ. ಪಿಂಚಣಿಗೆ ಹತ್ತು ವರ್ಷ ಬೇಕು, ನಾಲ್ಕು ತುಂಡು ಸೇರಿದರೆ ಹತ್ತಾಗುತ್ತಿದ್ದದ್ದು ಸೇರದೇ ಉಳಿಯುತ್ತದೆ. ಹೊಸ ಕಡೆ ಹಳೆಯ ನಂಬರನ್ನೇ ಕೊಡಬೇಕು. ಹಣ ಎತ್ತಲು ಫಾರ್ಮ್ 19, ಪಿಂಚಣಿಯ ಪಾಲಿಗೆ 10ಸಿ. ಗುತ್ತಿಗೆದಾರ ‘ಕೆಲಸ ಬಿಟ್ಟ ದಿನಾಂಕ’ ಹಾಕದಿದ್ದರೆ ಎರಡೂ ಮುಂದೆ ಸಾಗುವುದಿಲ್ಲ. ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಆ ದಿನಾಂಕವನ್ನು ಕಾರ್ಮಿಕನೇ ಪೋರ್ಟಲ್‌ನಲ್ಲಿ ಹಾಕಿಕೊಳ್ಳಬಹುದು. ಗೋವಾಕ್ಕೆ ಹೋಗಿ ಗುತ್ತಿಗೆದಾರನ ಕಾಲು ಹಿಡಿಯಬೇಕಿಲ್ಲ. ತೊಡಕು ಬಿಡದಿದ್ದರೆ ಹುಬ್ಬಳ್ಳಿಯ ನವನಗರದಲ್ಲಿ ಪಿಎಫ್ ಕಚೇರಿ ಇದೆ.

ಪುಣೆ, ಚಾಕಣ ಕಡೆ ಹೋಗುವ ಐಟಿಐ ಹುಡುಗರಿಗೆ ಇಷ್ಟೇ ಹೇಳುವುದು: ಕೈಗೆ ಕೊಟ್ಟ ಕಾಗದದಲ್ಲಿ ‘ಅಪ್ರೆಂಟಿಸ್’ ಎಂದಿದೆಯೋ, ‘ಗುತ್ತಿಗೆ ಕಾರ್ಮಿಕ’ ಎಂದಿದೆಯೋ ನೋಡಿಕೊಳ್ಳಿ. ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರಿಗೆ ಪಿಎಫ್, ಇಎಸ್‌ಐ ಇಲ್ಲ. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಬಾಧ್ಯತೆಯೂ ಸಾಮಾನ್ಯವಾಗಿ ಇಲ್ಲ. ನೋಂದಣಿಗೆಂದು ಹಣ ಕೇಳುವ ಏಜೆಂಟ್‌ಗೆ ಒಂದು ಪೈಸೆಯನ್ನೂ ಕೊಡಬೇಡಿ.

ಅಪಘಾತದ ವಿಷಯ ಬಂದಾಗ ಮಾತ್ರ ಸ್ವಲ್ಪ ವಿವರವಾಗಿ ಬರೆಯಲೇಬೇಕು, ಏಕೆಂದರೆ ಇಲ್ಲಿ ಕಳೆದುಹೋಗುವುದು ಸಾವಿರಗಳಲ್ಲ, ಲಕ್ಷಗಳು. ಸೆಂಟ್ರಿಂಗ್ ಮೇಲಿಂದ ಬಿದ್ದವನನ್ನು ಆಸ್ಪತ್ರೆಗೆ ಒಯ್ದಾಗ ವೈದ್ಯರು ‘ಹೇಗಾಯಿತು’ ಎಂದು ಕೇಳಿ ಬರೆದುಕೊಳ್ಳುವ ಮೊದಲ ಸಾಲೇ ಇಡೀ ಪ್ರಕರಣದ ಅಡಿಪಾಯ. ಜೊತೆಗೆ ಬಂದ ಸೂಪರ್‌ವೈಸರ್ ‘ಕೋಣೆಯಲ್ಲಿ ಕಾಲು ಜಾರಿ ಬಿದ್ದ’ ಎಂದೋ ‘ಬೈಕಿನಿಂದ ಬಿದ್ದ’ ಎಂದೋ ಬರೆಸುತ್ತಾನೆ. ಭಾಷೆ ಬಾರದ ನಮ್ಮವರು ಸುಮ್ಮನೆ ನಿಂತಿರುತ್ತಾರೆ. ಆ ಸಾಲು ಹಾಗೆ ಬಿದ್ದ ಮೇಲೆ ಕೆಲಸದ ವೇಳೆಯ ಅಪಘಾತ ಎಂದು ರುಜುವಾತು ಮಾಡುವುದು ಬಹಳ ಕಷ್ಟ. ಜೊತೆಯಲ್ಲಿದ್ದವರು ‘ಸೈಟ್ ಪರ್ ಕಾಮ್ ಕರ್ತೇ ಟೈಮ್ ಗಿರಾ’ ಎಂಬ ಒಂದು ಹಿಂದಿ ವಾಕ್ಯವನ್ನಾದರೂ ಬಾಯಿಪಾಠ ಮಾಡಿಕೊಂಡಿರಬೇಕು. ಸ್ಥಳ, ಕಟ್ಟಡದ ಹೆಸರು ಎಂಎಲ್‌ಸಿಯಲ್ಲಿ (ಪೊಲೀಸ್ ಪ್ರಕರಣಕ್ಕಾಗಿ ಆಸ್ಪತ್ರೆ ಬರೆದಿಡುವ ದಾಖಲೆ) ಬಂತೇ ಎಂದು ಅಲ್ಲೇ ನೋಡಬೇಕು. ಇಎಸ್‌ಐ ಇದ್ದರೆ (10 ಅಥವಾ ಹೆಚ್ಚು ಜನ, ಪಗಾರ 21,000ದೊಳಗೆ) ಕೆಲಸದ ಗಾಯಕ್ಕೆ ಮೊದಲ ದಿನದಿಂದಲೇ ರಕ್ಷಣೆ ಉಂಟು, ಮನೆಯಲ್ಲಿರುವ ಅವಧಿಗೆ ವೇತನದ ಸುಮಾರು ಶೇ. 90 ಬರುತ್ತದೆ. ಇಎಸ್‌ಐ ನಂಬರ್ ದೇಶದ ಯಾವುದೇ ಇಎಸ್‌ಐ ಆಸ್ಪತ್ರೆಯಲ್ಲಿ ನಡೆಯುತ್ತದೆ.

ಇಎಸ್‌ಐ ಇಲ್ಲದ ಕಡೆ ಸಾವು ಸಂಭವಿಸಿದರೆ ಗುತ್ತಿಗೆದಾರ ಆಂಬುಲೆನ್ಸ್ ಬಾಡಿಗೆ ಕೊಟ್ಟು, ಮೇಲೆ ಒಂದೋ ಎರಡೋ ಲಕ್ಷ ಕೈಗಿಟ್ಟು, ಬಾಂಡ್ ಪೇಪರ್ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಕಾನೂನಿನ ಲೆಕ್ಕ ಬೇರೆ. ತಿಂಗಳ ವೇತನದ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. 2020ರ ಜನವರಿಯಿಂದ ವೇತನದ ಮಿತಿ 15,000. ಮೂವತ್ತು ವಯಸ್ಸಿನವನ ಗುಣಕ 207.98. ಆಗ 7,500 × 207.98 = 15,59,850 ರೂ. ನಲವತ್ತಾದವನಿಗೆ ಗುಣಕ 184.17, ಮೊತ್ತ 13,81,275. ಸಾವಿನ ಪರಿಹಾರವನ್ನು ಪರಿಹಾರ ಪ್ರಾಧಿಕಾರದ ಮುಂದೆ ಠೇವಣಿ ಇಡಬೇಕೇ ಹೊರತು ಕೈಗೆ ಕೊಟ್ಟು ಚುಕ್ತಾ ಮಾಡುವಂತಿಲ್ಲ. ಅಂದರೆ ಹೆಬ್ಬೆಟ್ಟು ಒತ್ತಿದವರೂ ದಾವೆ ಹೂಡಬಹುದು. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು, ಮತ್ತು ಅದಕ್ಕೆ ಗೋವಾಕ್ಕೆ ಅಲೆಯಬೇಕಿಲ್ಲ. ವಾರಸುದಾರರು ವಾಸಿಸುವ ಜಿಲ್ಲೆಯಲ್ಲೇ ಅರ್ಜಿಗೆ ಅವಕಾಶ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಶವ ತೆಗೆದುಕೊಂಡು ಹೊರಡುವ ಗಡಿಬಿಡಿಯಲ್ಲೂ ಎಫ್‌ಐಆರ್, ಪಂಚನಾಮೆ, ಪೋಸ್ಟ್‌ಮಾರ್ಟಂ ವರದಿಯ ನಂಬರುಗಳನ್ನು ಬರೆದುಕೊಂಡು ಬರಬೇಕು. ಮರಣ ನೋಂದಣಿ ಆಗುವುದು ಸತ್ತ ಊರಲ್ಲಿ. ಊರಿನ ಪಂಚಾಯಿತಿ ಆ ದಾಖಲೆ ಕೊಡಲಾರದು.

ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಅಪಘಾತದ ಸಾವಿಗೆ 2 ಲಕ್ಷ ಕೊಡುತ್ತದೆ. ಅದರ ವರ್ಷ ಜೂನ್ 1ರಿಂದ ಮೇ 31. ಮೇ ಕೊನೆಗೆ ಬ್ಯಾಂಕ್ ಹಣ ಮುರಿಯಲು ನೋಡಿದಾಗ ಖಾತೆಯಲ್ಲಿ 20 ರೂಪಾಯಿ ಇಲ್ಲದಿದ್ದರೆ ವಿಮೆ ಬಿದ್ದುಹೋಗುತ್ತದೆ. ಗುಳೆಯವರು ದುಡಿದದ್ದನ್ನು ನಗದಾಗಿ ಸೊಂಟಕ್ಕೆ ಕಟ್ಟಿಕೊಂಡು ಬರುವುದು ಸರಿಯಾಗಿ ಅದೇ ಹೊತ್ತಿಗೆ. ಜನಧನ್ ರೂಪೇ ಕಾರ್ಡಿನ ಅಪಘಾತ ವಿಮೆಗೂ ಒಂದು ಷರತ್ತಿದೆ, ಅಪಘಾತದ ಹಿಂದಿನ 90 ದಿನದಲ್ಲಿ ಕಾರ್ಡನ್ನು ಒಮ್ಮೆಯಾದರೂ ಬಳಸಿರಬೇಕು. ಎಟಿಎಂನಲ್ಲಿ ನೂರು ರೂಪಾಯಿ ತೆಗೆದರೂ ನಡೆಯುತ್ತದೆ.

ಮಕ್ಕಳದ್ದು ಎಲ್ಲಕ್ಕಿಂತ ನಿಧಾನವಾಗಿ ಬಯಲಾಗುವ ನಷ್ಟ. ಟಿಸಿ ಇಲ್ಲವೆಂದು ಅಲ್ಲಿನ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಅದನ್ನೇ ಹೇಳುತ್ತದೆ. ಆದರೂ ಮಗುವಿನ ಸ್ಯಾಟ್ಸ್ ನಂಬರ್ (ರಾಜ್ಯದ ವಿದ್ಯಾರ್ಥಿ ದಾಖಲೆಯದು), ಪೆನ್ ನಂಬರ್ (ದೇಶದ ವಿದ್ಯಾರ್ಥಿ ದಾಖಲೆಯದು) ಎರಡನ್ನೂ ಚೀಟಿಯಲ್ಲಿ ಬರೆಸಿಕೊಂಡು ಹೋದರೆ ಕೆಲಸ ಹಗುರ. ಗೋವಾದಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಕೆಲವು ಇವೆ, ಎಲ್ಲ ಕಡೆ ಇಲ್ಲ. ಆಮೇಲೆ ಬರುತ್ತದೆ ಲೆಕ್ಕ. ನಮ್ಮ ಸಿಇಟಿಯಲ್ಲಿ ಬಹುತೇಕ ಮಕ್ಕಳು ಅರ್ಹರಾಗುವ ಕಲಮಿಗೆ 1ನೇ ತರಗತಿಯಿಂದ ಪಿಯುವರೆಗೆ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯು ಇಲ್ಲೇ ಪಾಸಾಗಿರಬೇಕು. ಬೇರೆ ಕಲಮುಗಳಿವೆ, ಆದರೆ ಅವಕ್ಕೆ ತಂದೆತಾಯಿಯ ದಾಖಲೆಗಳ ಕಟ್ಟೇ ಬೇಕು. ಗ್ರಾಮೀಣ ಮೀಸಲಾತಿಗೆ, ಕನ್ನಡ ಮಾಧ್ಯಮದ ಮೀಸಲಾತಿಗೆ 1ರಿಂದ 10 ಪೂರ್ತಿ ಹತ್ತು ವರ್ಷ ಬೇಕು. ಐದನೇ ತರಗತಿ ಒಂದನ್ನು ವಾಸ್ಕೋದ ಬೇರೆ ಮಾಧ್ಯಮದಲ್ಲಿ ಓದಿದರೂ ಎರಡೂ ಹೋದವು. ಅದು ಗೊತ್ತಾಗುವುದು ಏಳೆಂಟು ವರ್ಷದ ಮೇಲೆ, ಅರ್ಜಿ ತುಂಬುವ ದಿನ. ಅಜ್ಜಿಯ ಹತ್ತಿರ ಬಿಟ್ಟುಹೋಗಲು ಸಾಧ್ಯವಿದ್ದವರು, ಹಾಸ್ಟೆಲ್ ಸಿಕ್ಕವರು ಇಲ್ಲೇ ಓದಿಸುವುದು ಮೇಲು ಎಂಬುದು ನಮ್ಮ ಅಭಿಪ್ರಾಯ.

ತಾಂಡಾದವರಿಗೆ ಇನ್ನೊಂದು ಪೆಟ್ಟು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಬಂಜಾರರೆಂದು ಕರೆಯುವ ಇವರೇ ವಿಮುಕ್ತ ಜಾತಿಯ ಪಟ್ಟಿಯಲ್ಲಿದ್ದಾರೆ. ಗೋವಾದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಒಂದು ರಾಜ್ಯದ ಪರಿಶಿಷ್ಟ ಸ್ಥಾನ ದುಡಿಯಲು ಹೋದ ಇನ್ನೊಂದು ರಾಜ್ಯದಲ್ಲಿ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿದ್ದನ್ನು 2018ರಲ್ಲಿ ಮತ್ತೆ ಎತ್ತಿಹಿಡಿದಿದೆ. ಅಲ್ಲೇ ಹುಟ್ಟಿ, ಅಲ್ಲೇ ಓದಿದ ಮಕ್ಕಳು ಅಲ್ಲಿ ಸಾಮಾನ್ಯ ವರ್ಗ. ಇಲ್ಲಿನ ಪ್ರಮಾಣಪತ್ರ ಕೇಳಿಕೊಂಡು ನಾಡಕಚೇರಿಗೆ ಬಂದರೆ ‘ಇಲ್ಲಿ ಓದಿಲ್ಲ, ಇಲ್ಲಿ ಹುಟ್ಟಿಲ್ಲ’ ಎಂಬ ತಕರಾರು. ತಂದೆಯ ಜಾತಿ ಪ್ರಮಾಣಪತ್ರ, ತಂದೆಯ ಶಾಲಾ ದಾಖಲೆ, ಮಗುವಿನ ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನ ಅದೇ ಕಾಗುಣಿತ ಇವಿಷ್ಟು ಇದ್ದರೆ ಆ ತಕರಾರಿಗೆ ಬಲ ಇರುವುದಿಲ್ಲ. ಮಕ್ಕಳು ಚಿಕ್ಕವರಿದ್ದಾಗಲೇ, ಊರ ಕಡೆ ಬಂದಾಗ ಮಾಡಿಸಿಟ್ಟುಬಿಡಬೇಕು. ಪರಿಶಿಷ್ಟರ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವ ಭಯವಿಲ್ಲ.

ಹೆರಿಗೆ ಎಲ್ಲಿ ಆಯಿತೋ ಜನನ ನೋಂದಣಿ ಅಲ್ಲಿಯೇ, 21 ದಿನದೊಳಗೆ. ವರ್ಷ ಕಳೆದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆಗೆ, ಆಧಾರ್‌ಗೆ, ಪಾಸ್‌ಪೋರ್ಟಿಗೆ ಅದೊಂದೇ ಹುಟ್ಟಿದ ದಿನದ ಪುರಾವೆ. ಬಸುರಿ ಹೆಣ್ಣುಮಕ್ಕಳು ತಾಯಿ ಕಾರ್ಡನ್ನು ಟ್ರಂಕಿನಲ್ಲಿ ಬಿಡದೆ ಜೊತೆಗೆ ಒಯ್ಯಬೇಕು. ಅಂಗನವಾಡಿ ಕಾರ್ಯಕರ್ತೆಗೆ ಹೇಳಿದರೆ ಪೋಷಣ್ ಟ್ರ್ಯಾಕರ್‌ನಲ್ಲಿ (ಅಂಗನವಾಡಿಯ ಮೊಬೈಲ್ ಆ್ಯಪ್) ಹೆಸರನ್ನು ಹೋದ ಊರಿಗೆ ವರ್ಗ ಮಾಡಲು ಬರುತ್ತದೆ.

ಇಷ್ಟನ್ನೂ ಕೂಲಿಕಾರನೇ ತಿಳಿದು ಮಾಡಿಕೊಳ್ಳಲಿ ಎನ್ನುವುದು ಅನ್ಯಾಯ. ಗದಗ, ಹಾವೇರಿ, ಧಾರವಾಡ ಜಿಲ್ಲಾ ಪಂಚಾಯಿತಿಗಳಿಗೆ ನಮ್ಮ ಬೇಡಿಕೆ ಇದು: ಗುಳೆ ಹೆಚ್ಚಿರುವ ಗ್ರಾಮ ಪಂಚಾಯಿತಿಗಳಲ್ಲಿ ಕಡಲೆ ರಾಶಿ ಮುಗಿಯುವ ಹೊತ್ತಿಗೆ ಎರಡು ದಿನದ ಶಿಬಿರ ಇಡಿ. ಆಧಾರ್ ಯಂತ್ರ, ಪೋಸ್ಟ್‌ಮನ್, ನ್ಯಾಯಬೆಲೆ ಅಂಗಡಿಯವನ ಇ-ಕೆವೈಸಿ (ಆಧಾರ್‌ನಿಂದ ಗುರುತು ಖಾತ್ರಿ ಮಾಡುವುದು), ಶಾಲೆಯ ಮುಖ್ಯಶಿಕ್ಷಕರು, ಬ್ಯಾಂಕಿನವರು, ಐದೂ ಒಂದೇ ಜಾಗದಲ್ಲಿ ಇರಲಿ. ಬೆಳಿಗ್ಗೆ ಹತ್ತಕ್ಕೆ ಬಂದು ಐದಕ್ಕೆ ಎದ್ದುಹೋಗುವ ಶಿಬಿರಕ್ಕೆ ಕೂಲಿಯವರು ಬರುವುದಿಲ್ಲ, ಸಂಜೆ ಆರರಿಂದ ಒಂಬತ್ತರವರೆಗೆ ಇಡಬೇಕು. ಎರಡನೆಯ ಶಿಬಿರ ಅವರು ತಪ್ಪದೇ ಊರಿಗೆ ಬರುವ ಹೊತ್ತಿಗೆ ಇರಲಿ: ತಾಂಡಾಗಳಲ್ಲಿ ದೀಪಾವಳಿ, ಉಳಿದ ಕಡೆ ಊರ ಜಾತ್ರೆ.

ಪಂಚಾಯಿತಿಯಲ್ಲಿ ಒಂದು ವಹಿ ತೆರೆಯಿರಿ. ಹೋದವರ ಹೆಸರು, ಹೋದ ಊರು, ಮೇಸ್ತ್ರಿ ಮತ್ತು ಗುತ್ತಿಗೆದಾರನ ಫೋನ್, ಕಾರ್ಡ್ ನಂಬರ್, ಮಕ್ಕಳ ಸ್ಯಾಟ್ಸ್ ನಂಬರ್. ರೇಷನ್ ಕಾರ್ಡ್ ಪರಿಶೀಲನೆಗೆ ಬಂದವನು ಬೀಗ ನೋಡಿ ‘ವಾಸವಿಲ್ಲ’ ಎಂದು ಬರೆಯುವ ಮುಂಚೆ ಈ ವಹಿ ನೋಡುವುದನ್ನು ಆಹಾರ ಇಲಾಖೆ ಕಡ್ಡಾಯ ಮಾಡಲಿ. ಈ ವಹಿಗೆ ಹೊಸ ಯೋಜನೆ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಇನ್ನೂರು ಪುಟದ ಒಂದು ರಿಜಿಸ್ಟರ್ ಮತ್ತು ಬಾಪೂಜಿ ಸೇವಾ ಕೇಂದ್ರದಲ್ಲಿ ಈಗಾಗಲೇ ಕೂತಿರುವ ಕಂಪ್ಯೂಟರ್ ಆಪರೇಟರ್ ಸಾಕು. ಈ ಹಿಂಗಾರಿ ಸುಗ್ಗಿ ಮುಗಿಯುವುದರೊಳಗೆ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು ಇದರ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇವೆ.

— ಗುಳೆ ಹೋಗುವವರ ಅರ್ಜಿ ಬರೆದುಕೊಡುವ ಕೆಲವರು, ಗದಗ ಜಿಲ್ಲೆ